ಜೋಳಿಗೆಯಲ್ಲಿ ಉಳಿದವನು

ನಮ್ಮ ಆಫೀಸಿನಲ್ಲಿ ಅವಳನ್ನು ಎಲ್ಲರೂ ಜೋಳಿಗೆಯಕ್ಕ ಎಂದೇ ಕರೆಯುತ್ತಿದ್ದದ್ದು. ಎದುರಿಗೇ ಕರೆದರೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಆ ಹೆಸರು ಹೆಗಲಿನ ಚೀಲದಿಂದ ಬಂದದ್ದಲ್ಲ, ಅವಳು ಬರೆದ ಪ್ರೋಗ್ರಾಮಿನಿಂದ ಬಂದದ್ದು. ಅದನ್ನು ಮೊದಲು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದಿನದರ ತಲೆಬುಡ ಅರ್ಥವಾಗುವುದಿಲ್ಲ.

ನಮ್ಮ ಆಫೀಸು ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಕೆಳಗೆ ಗಾಳಿ ತುಂಬುವ ಯಂತ್ರ ಶುರುವಾದರೆ ಮೇಲೆ ನಮ್ಮ ಮೇಜು ನಡುಗುತ್ತಿತ್ತು. ಊರಾಚೆಯ ಒಂದು ಆರೈಕೆ ಕೇಂದ್ರಕ್ಕೆ ನಾವು ಪ್ರೋಗ್ರಾಮ್ ಬರೆದುಕೊಡುತ್ತಿದ್ದೆವು. ತಲೆಗೆ ಪೆಟ್ಟು ಬಿದ್ದು ನೆನಪು ಹೋದವರು, ಮಾತು ಹೋದವರು, ಅಂಥವರನ್ನು ತಿಂಗಳುಗಟ್ಟಲೆ ಇಟ್ಟುಕೊಂಡು ತಿದ್ದಿ ತೀಡಿ ಮನೆಗೆ ಕಳಿಸುವ ಜಾಗ ಅದು. ಅಕ್ಕ ಬರೆಯುವವಳು, ನಾನು ಅವಳು ಬರೆದದ್ದರಲ್ಲಿ ತಪ್ಪು ಹುಡುಕುವವಳು. ಸಂಬಳ ಕೊಟ್ಟು ಕೊಕ್ಕೆ ಹಾಕಿಸುತ್ತಾರೆ ಎಂದು ಅವಳು ನನ್ನನ್ನು ಛೇಡಿಸುತ್ತಿದ್ದಳು. ನನ್ನ ನಾಲಿಗೆ ಸ್ವಲ್ಪ ಉದ್ದ, ನಿಜ.

ಪ್ರೋಗ್ರಾಮ್ ಬರೆಯಲು ನಾವು ಬಳಸುತ್ತಿದ್ದ ಭಾಷೆ ಬಲು ಕಟ್ಟುನಿಟ್ಟಿನದು. ಯಾವ ವಸ್ತುವಿಗೆ ಏನೇನು ಗುಣಗಳಿವೆ ಎಂದು ಮೊದಲೇ ಬರೆದುಕೊಟ್ಟಿರಬೇಕು. ರೋಗಿ ಎಂದರೆ ಹೆಸರು, ವಯಸ್ಸು, ರಕ್ತದ ಗುಂಪು, ಔಷಧಿ. ಮುಗಿಯಿತು. ಆಮೇಲೆ ‘ಈ ರೋಗಿಗೆ ಕತ್ತಲೆ ಕಂಡರೆ ಭಯ’ ಎಂದು ಒಂದು ಗುಣ ಸೇರಿಸಲು ಹೋದಿರೋ, ಅಂಥದ್ದೊಂದು ರೋಗಿಯಲ್ಲಿ ಇಲ್ಲವೇ ಇಲ್ಲ ಎಂದು, ನಾವು ಬರೆದದ್ದನ್ನು ತಪಾಸಣೆ ಮಾಡಿ ಯಂತ್ರಕ್ಕೆ ಒಪ್ಪಿಸುವ ಕಂಪೈಲರ್ ಕಡ್ಡಿ ಮುರಿದ ಹಾಗೆ ಹೇಳುತ್ತದೆ. ಸೇರಿಸಲೇಬೇಕೆಂದರೆ ರೋಗಿಯ ಅಚ್ಚನ್ನೇ ಬದಲಿಸಿ, ಎಲ್ಲವನ್ನೂ ಹೊಸದಾಗಿ ಕಟ್ಟಿ, ಕೇಂದ್ರದ ಕೆಲಸ ನಿಲ್ಲಿಸಿ ಕೂರಿಸಬೇಕು. ನರ್ಸುಗಳೋ ದಿನಕ್ಕೊಂದು ಕೇಳುತ್ತಿದ್ದರು. ಒಬ್ಬರನ್ನು ಎಡಗಡೆಯಿಂದ ಮಾತಾಡಿಸಿದರೆ ಕೇಳಿಸುವುದಿಲ್ಲ. ಇನ್ನೊಬ್ಬರಿಗೆ ಮನೆಯ ಬೆಕ್ಕಿನ ಹೆಸರು ಹೇಳಿದರೆ ನಗು ಬರುತ್ತದೆ. ಬೆಕ್ಕಿನ ಹೆಸರಿಗೆ ಅಚ್ಚಿನಲ್ಲಿ ಜಾಗ ಎಲ್ಲಿಂದ ತರುವುದು?

ಅದಕ್ಕೆ ಅಕ್ಕ ಜೋಳಿಗೆ ಕಂಡುಹಿಡಿದಳು. ಅಚ್ಚನ್ನು ಮುಟ್ಟಲಿಲ್ಲ. ಹೊರಗೊಂದು ಗೋಡೆ, ಗೋಡೆಯ ತುಂಬ ಗೂಟಗಳು, ಒಂದೊಂದು ಗೂಟಕ್ಕೆ ಒಂದು ಸಂಖ್ಯೆ, ಒಂದು ಜೋಳಿಗೆ ಎಂದು ಅಂದುಕೊಳ್ಳಿ. ಪ್ರೋಗ್ರಾಮ್ ನಡೆಯುತ್ತಿರುವಾಗಲೇ ಆಯಾ ರೋಗಿಯ ಸಂಖ್ಯೆಯ ಜೋಳಿಗೆಗೆ ಏನು ಬೇಕಾದರೂ ಹಾಕಬಹುದು. ಮಾತು, ಚಿತ್ರ, ಧ್ವನಿ, ಯಾವುದಾದರೂ ಸರಿ. ತನ್ನ ಹೆಸರಿನಲ್ಲೊಂದು ಜೋಳಿಗೆ ನೇತಾಡುತ್ತಿದೆ ಎಂದು ಪ್ರೋಗ್ರಾಮಿನ ಒಳಗಿನ ರೋಗಿಗೆ ಗೊತ್ತಿರುವುದಿಲ್ಲ. ಕಂಪೈಲರಿಗೂ ಗೊತ್ತಾಗುವುದಿಲ್ಲ. ಅತ್ತೆಯ ಕಣ್ಣು ತಪ್ಪಿಸಿ ಸೊಸೆ ಇಟ್ಟುಕೊಂಡ ಡಬ್ಬಿಯಂತೆ ಎಂದು ನಾನು ಹೇಳಿದಾಗ ಅಕ್ಕ ಬಿದ್ದು ಬಿದ್ದು ನಕ್ಕಳು.

“ರೋಗಿ ಹೋದ್ಮೇಲೆ ಜೋಳಿಗೆ ಏನಾಗತ್ತೆ ಅಕ್ಕಾ?” ಎಂದು ಕೇಳಿದೆ.

“ಮನೆಗೆ ಕಳಿಸೋವಾಗ ಖಾಲಿ ಮಾಡ್ತೀನಿ. ಸಂಖ್ಯೆ ಮುಂದಿನವರಿಗೆ ಹೋಗತ್ತೆ. ಹುಳುಕು ಹುಡುಕಬೇಡ, ಎಲ್ಲಾ ನೋಡಿದೀನಿ.”

ನಾನೂ ಪರೀಕ್ಷಿಸಿದೆ. ಮನೆಗೆ ಕಳಿಸಿದಾಗಲೆಲ್ಲ ಜೋಳಿಗೆ ಖಾಲಿಯಾಗುತ್ತಿತ್ತು. ಅಲ್ಲಿಂದ ಹೊರಗೆ ಹೋಗುವ ದಾರಿ ಮನೆಯ ಕಡೆಗೆ ಒಂದೇ ಎಂದು ಕೇಂದ್ರದವರೂ ಹೇಳಿದ್ದರು, ನಾವೂ ನಂಬಿದ್ದೆವು.

ಇನ್ನು ಅಕ್ಕನ ಗಂಡ. ಬೋರ್ಡ್ ಬರೆಯುವ ಪೇಂಟರ್. ಅಕ್ಷರ ಬರೆದರೆ ಅಚ್ಚು ಹಾಕಿದ ಹಾಗೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ನನಗೆ ಆ ಮನುಷ್ಯನನ್ನು ಕಂಡರೆ ಆಗುತ್ತಿರಲಿಲ್ಲ. ಸಂಜೆ ಕೆಳಗೆ ಬೈಕು ನಿಲ್ಲಿಸಿ ಹಾರ್ನ್ ಒತ್ತಿ ಹಿಡಿದರೆ ಅಕ್ಕ ಕೆಳಗೆ ಬರುವವರೆಗೂ ಬೆರಳು ತೆಗೆಯುತ್ತಿರಲಿಲ್ಲ. ಟೈರ್ ಅಂಗಡಿಯವರು ಕಿವಿ ಮುಚ್ಚಿಕೊಳ್ಳುತ್ತಿದ್ದರು. ಅಕ್ಕ ಬರೆಯುತ್ತಿದ್ದ ಸಾಲನ್ನು ಅರ್ಧಕ್ಕೇ ಬಿಟ್ಟು, ಚಪ್ಪಲಿ ಸರಿಯಾಗಿ ಮೆಟ್ಟಿಕೊಳ್ಳದೆ ಮೆಟ್ಟಿಲಿಳಿದು ಓಡುತ್ತಿದ್ದಳು. “ಅವರಿಗೆ ಕಾಯೋದು ಆಗಲ್ಲ ಕಣೇ” ಎನ್ನುತ್ತಿದ್ದಳು. ಅದಕ್ಕಿಂತ ಹೆಚ್ಚಿಗೆ ಒಂದು ದಿನವೂ ಹೇಳಲಿಲ್ಲ.

ಒಂದು ಬಟ್ಟೆ ಅಂಗಡಿಯ ಬೋರ್ಡು ಬರೆಯುವಾಗ ಏಣಿ ಜಾರಿ ಅವನು ಬಿದ್ದ. ಜೀವ ಉಳಿಯಿತು. ನೆನಪು ಮಾತ್ರ ಪೂರ್ತಿ ಅಳಿಸಿಹೋಗಿತ್ತು. ತನ್ನ ಹೆಸರು ಹೇಳಿದರೆ ಯಾರದೋ ಹೆಸರು ಕೇಳಿದ ಹಾಗೆ ನೋಡುತ್ತಿದ್ದ. ಆಸ್ಪತ್ರೆಯವರು ಅವನನ್ನು ಅದೇ ಆರೈಕೆ ಕೇಂದ್ರಕ್ಕೆ ಕಳಿಸಿದರು. ಅಕ್ಕನ ಪ್ರೋಗ್ರಾಮಿಗೆ ಅಕ್ಕನ ಗಂಡನೇ ಹೊಸ ರೋಗಿಯಾದ.

ಅಲ್ಲಿ ಬೆಳಿಗ್ಗೆ ನೆನಪಿನ ಪಾಠ ನಡೆಯುತ್ತಿತ್ತು. ಪಾಠದ ಟೀಚರು ಪಕ್ಕದಲ್ಲಿ ಕೂತು, ಜೋಳಿಗೆಯಲ್ಲಿದ್ದದ್ದನ್ನು ಒಂದೊಂದಾಗಿ ಹೇಳಿ, ಇದು ನೀವು, ಇದೂ ನೀವು ಎಂದು ಮನಸ್ಸಿಗೆ ನಾಟಿಸುತ್ತಿದ್ದರು. ಮನೆಯವರು ತಮಗೆ ಗೊತ್ತಿರುವುದನ್ನೆಲ್ಲ ಜೋಳಿಗೆಗೆ ಹಾಕಬೇಕು. ಮನೆಯವರ ಕಂಪ್ಯೂಟರ್ ಪರದೆಯಲ್ಲಿ ಅವರವರು ಹಾಕಿದ್ದು ಮಾತ್ರ ಕಾಣುತ್ತದೆ. ಟೀಚರಿಗೆ ಎಲ್ಲವೂ ಕಾಣುತ್ತದೆ. ಅಕ್ಕ ಊಟದ ಡಬ್ಬಿ ಮುಚ್ಚಿಟ್ಟು, ಗಂಡನ ಬಗ್ಗೆ ಬರೆಯುತ್ತ ಕೂರುತ್ತಿದ್ದಳು. “ಏನು ಬರೀಲಿ ಹೇಳು” ಎಂದು ನನ್ನನ್ನೇ ಕೇಳುತ್ತಿದ್ದಳು. ನನಗೆ ಗೊತ್ತಿದ್ದದ್ದು ಹಾರ್ನ್ ಒಂದೇ.

ಸ್ವಲ್ಪ ದಿನಕ್ಕೆ ಅಕ್ಕನ ಮುಖದಲ್ಲಿ ಕಳೆ ಬಂತು. “ಇವತ್ತು ಇವರು ನನ್ನನ್ನ ಊಟ ಆಯ್ತಾ ಅಂತ ಕೇಳಿದ್ರು” ಎಂದಳು. ಇನ್ನೊಂದು ದಿನ, “ನಾನು ತಿನ್ನೋವರೆಗೂ ತಟ್ಟೆ ಮುಟ್ಟಲಿಲ್ಲ ಕಣೇ” ಎಂದಳು. ಹೇಳುವಾಗ ಹೊಸ ಮದುವಣಗಿತ್ತಿಯ ಹಾಗೆ ತಲೆ ತಗ್ಗಿಸಿದಳು. ಆಮೇಲೊಂದು ದಿನ ಕೀಲಿಮಣೆಯ ಮೇಲೆ ಕೈಯಿಟ್ಟವಳು ಹಾಗೇ ಕೂತುಬಿಟ್ಟಳು.

“ಇವರು ಸಿಳ್ಳೆ ಹಾಕ್ತಾರೆ.”

“ಹಾಕಲಿ ಬಿಡಕ್ಕ, ಒಳ್ಳೇದೇ ಅಲ್ವಾ?”

“ಇವರಿಗೆ ಸಿಳ್ಳೆ ಬರಲ್ಲ. ಮದುವೆಯಾದಾಗಿನಿಂದ ಒಂದು ಸಲಾನೂ ಹಾಕಿದೋರಲ್ಲ.”

ಕೆಳಗೆ ಗಾಳಿಯಂತ್ರ ಶುರುವಾಯಿತು, ಮೇಜು ನಡುಗಿತು, ನಾವಿಬ್ಬರೂ ಬೆಚ್ಚಿಬಿದ್ದೆವು. ದಿನಾ ಕೇಳುವ ಸದ್ದು ಅದು.

ಮಾರನೆಯ ಮಧ್ಯಾಹ್ನ ನಾನೂ ಅವಳ ಜೊತೆ ಹೋದೆ. ಕೇಂದ್ರ ಹಳೆಯ ಕಟ್ಟಡ ಬಿಟ್ಟು ಹೊಸದಕ್ಕೆ ಬಂದು ಬಹಳ ದಿನವಾಗಿರಲಿಲ್ಲ. ಸಿಬ್ಬಂದಿಯಲ್ಲೂ ಹೆಚ್ಚಿನವರು ಹೊಸಬರು, ಪಾಠದ ಟೀಚರೂ ಹೊಸಬರೇ. ಉದ್ದನೆಯ ಓಣಿ, ಎರಡೂ ಕಡೆ ಒಂದೇ ಥರದ ಬಾಗಿಲು, ಫಿನಾಯಿಲಿನ ವಾಸನೆ. ಅಷ್ಟು ಜನರಿದ್ದರೂ ಸದ್ದಿಲ್ಲ. ಬಾಗಿಲ ಸಂದಿಯಿಂದ ಟೀಚರುಗಳ ಮಾತು ಮಾತ್ರ ಹೊರಬರುತ್ತಿತ್ತು. “ನೀವು ಈಜ್ತಿದ್ರಿ.” “ನಿಮಗೆ ಹಳದಿ ಬಣ್ಣ ಆಗಲ್ಲ.” “ನಿಮಗೆ ಇಬ್ಬರು ತಂಗಿಯರು.” ಅದಕ್ಕೆ ಒಳಗಿನವರು ‘ಹೌದು, ಹೌದು’ ಎನ್ನುತ್ತಿದ್ದರು.

ಅಕ್ಕನ ಗಂಡ ನನ್ನನ್ನು ಕಂಡದ್ದೇ ಎದ್ದು ನಿಂತ. ಮೊದಲಾಗಿದ್ದರೆ ಕತ್ತು ಕೂಡ ತಿರುಗಿಸುತ್ತಿರಲಿಲ್ಲ.

“ಬನ್ನಿ, ಕೂತ್ಕೊಳ್ಳಿ. ಊಟ ಆಯ್ತಾ?”

ನಾನು ಬಾಗಿಲಲ್ಲಿ ಬಿಟ್ಟಿದ್ದ ಚಪ್ಪಲಿಯನ್ನು ಬಗ್ಗಿ ಎತ್ತಿ, ಹೊರಮುಖವಾಗಿ ತಿರುಗಿಸಿಟ್ಟ. ಮುಜುಗರದಿಂದ ನಾನು ಬೇಡ ಬೇಡ ಎಂದೆ.

“ಹೀಗಿದ್ರೆ ಹೊರಡೋಕೆ ಸುಲಭ. ನಾನೂ ಹೊರಡ್ಬೇಕಲ್ಲ, ಮನೆಗೆ. ನೀಲಿ ಬಾಗಿಲಿನ ಮನೆ.”

ಅಕ್ಕ ನನ್ನ ಕಿವಿಯಲ್ಲಿ ಹೇಳಿದಳು. “ನಮ್ಮ ಮನೆ ಬಾಗಿಲಿಗೆ ಬಣ್ಣವೇ ಇಲ್ಲ. ಬರೀ ಮರ. ಪೆಟ್ಟು ಬಿದ್ದೋರಿಗೆ ಇಲ್ಲದ್ದೂ ನೆನಪಾಗತ್ತೆ ಅಂತಾರೆ ಡಾಕ್ಟರು.”

ಅವನು ಕಿಟಕಿಯ ಹತ್ತಿರ ಹೋಗಿ, ಹೊರಗೆ ನೋಡುತ್ತ ಸಿಳ್ಳೆ ಹಾಕಿದ. ಚೆನ್ನಾಗಿಯೇ ಹಾಕಿದ. ರಾಗ ಮೇಲೆ ಮೇಲೆ ಏರಿ, ನಡುವೆ ಥಟ್ಟನೆ ನಿಂತಿತು. ಮರೆತು ನಿಂತದ್ದಲ್ಲ. ಯಾರೋ ಉತ್ತರ ಕೊಡಲಿ ಎಂದು ಕಾದು ನಿಂತ ಹಾಗೆ ನಿಂತದ್ದು. ರಾಗದ ಉಳಿದರ್ಧ ಓಣಿಯ ಕಡೆಯಿಂದ ಬಂತು.

ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಕೇಂದ್ರಕ್ಕೆ ಪರದೆ ಹೊಲಿದುಕೊಡುವ ಟೈಲರ್. ಹೊಲಿದು ತಂದ ಪರದೆಗಳ ಕಟ್ಟು ಕಾಲ ಬಳಿ ಬಿದ್ದಿತ್ತು. ಸಿಳ್ಳೆ ಹಾಕಿದ್ದು ತಾನೇ ಎಂದು ಅವಳಿಗೇ ಆಮೇಲೆ ಗೊತ್ತಾದ ಹಾಗೆ, ಬಾಯಿಯ ಮೇಲೆ ಕೈಯಿಟ್ಟುಕೊಂಡಿದ್ದಳು.

“ಅದು ನನ್ನ ತಮ್ಮಂದು,” ಎಂದಳು. “ಅವನು ಬೀದಿಯಿಂದ ಅರ್ಧ ಹಾಕ್ತಿದ್ದ, ನಾನು ಒಳಗಿಂದ ಮುಗಿಸ್ತಿದ್ದೆ. ಬೇರೆ ಯಾರಿಗೂ ಗೊತ್ತಿಲ್ಲ. ಅವನು ಹೋಗಿ ವರ್ಷದ ಮೇಲಾಯ್ತು.”

ಅಕ್ಕನ ಗಂಡ ಆ ಹೆಂಗಸಿನ ಕಡೆ ತಿರುಗಿ ನೋಡಿ, ಸಲೀಸಾಗಿ ನಕ್ಕ. “ಅಕ್ಕಾ, ಊಟ ಆಯ್ತಾ?”

ಅವಳು ಹಿಂದೆ ಸರಿಯಲಿಲ್ಲ, ಮುಂದೆ ಬಂದಳು. ಅವನ ಮುಖವನ್ನು ಗುರುತು ಹುಡುಕುವವಳ ಹಾಗೆ ನೋಡಿ, ಮೆಲ್ಲಗೆ ಕೇಳಿದಳು. “ಸಣ್ಣೋನಿದ್ದಾಗ ನೀನು ನೀಲಿ ಬಾಗಿಲ ಹಿಂದೆ ಅಡಗಿ ಕೂರ್ತಿದ್ದೆ. ಯಾಕೆ?”

“ನೀನು ಬಂದ ಸದ್ದು ಮೊದಲು ನನಗೇ ಕೇಳಿಸ್ಲಿ ಅಂತ.”

ಆ ಹೆಂಗಸು ಅಲ್ಲೇ ನೆಲಕ್ಕೆ ಕುಸಿದಳು. ಅಕ್ಕ ಗಂಡನನ್ನೂ ಅವಳನ್ನೂ ಒಂದು ಕ್ಷಣ ನೋಡಿದಳು. ಆಮೇಲೆ ನನ್ನ ಕೈ ಹಿಡಿದು ದರದರ ಎಳೆದುಕೊಂಡು ಹೊರಗೆ ಬಂದಳು. “ಸಂಖ್ಯೆ,” ಎಂದಳು.

ಆಫೀಸಿಗೆ ಬಂದು, ಕಂಪ್ಯೂಟರಿನಲ್ಲಿ ಮನೆಯವರಿಗೆ ಕಾಣುವ ಪರದೆ ಬಿಟ್ಟು, ಜೋಳಿಗೆಯನ್ನೇ ಬುಡದಿಂದ ತೆರೆದೆವು. ಆ ಟೈಲರಿನ ತಮ್ಮ ಕೇಂದ್ರ ಹಳೆಯ ಕಟ್ಟಡದಲ್ಲಿದ್ದಾಗ ಅಲ್ಲಿ ರೋಗಿಯಾಗಿದ್ದವನು. ಮನೆಗೆ ಹೋಗಲಿಲ್ಲ, ಅಲ್ಲೇ ತೀರಿಕೊಂಡ. ಆ ಕೇಂದ್ರದಲ್ಲಿ ಸತ್ತವನು ಅವನೊಬ್ಬನೇ. ಸತ್ತವರ ಕೆಲಸವನ್ನು ಬೇರೆ ಕಚೇರಿ ಬೇರೆ ದಾರಿಯಲ್ಲಿ ಮುಗಿಸುತ್ತದೆ. ಆ ದಾರಿಯಲ್ಲಿ ರೋಗಿ ಅಳಿದ, ಅವನ ಸಂಖ್ಯೆ ಬಿಡುಗಡೆಯಾಯಿತು. ಮನೆಗೆ ಕಳಿಸುವ ಹೆಜ್ಜೆಯೇ ಇಲ್ಲವಾದ್ದರಿಂದ ಜೋಳಿಗೆಯನ್ನು ಯಾರೂ ಖಾಲಿ ಮಾಡಲಿಲ್ಲ. ಅದು ಗೂಟದಲ್ಲಿ ಹಾಗೇ ನೇತಾಡುತ್ತಿತ್ತು. ಆ ಸಂಖ್ಯೆ ಅಕ್ಕನ ಗಂಡನಿಗೆ ಸಿಕ್ಕಿತು. ಒಳಗೆ ಏನೂ ಇಲ್ಲದ ಮನುಷ್ಯ, ಹೊರಗೆ ಸತ್ತವನ ಜೋಳಿಗೆ. ಹೊಸ ಟೀಚರು, ಪಾಪ, ಇದ್ದದ್ದನ್ನೆಲ್ಲ ಹೆಂಡತಿಯೇ ಬರೆದದ್ದೆಂದು ತಿಳಿದು, ದಿನಾ ಬೆಳಿಗ್ಗೆ ಆ ಸತ್ತವನನ್ನು ಈ ಬದುಕಿದವನೊಳಗೆ ತುಂಬುತ್ತಿದ್ದರು.

ಆ ತಮ್ಮನಿಗಾಗಿ ಅವನ ಮನೆಯವರು ಹಾಕಿದ್ದೆಲ್ಲವೂ ಅಲ್ಲಿತ್ತು. ಬಾಗಿಲು: ನೀಲಿ. ಚಪ್ಪಲಿ: ಹೊರಮುಖ. ಊಟ: ಅಕ್ಕನನ್ನು, ಎಂದರೆ ಆ ಟೈಲರನ್ನು, ಕೇಳಿದ ಮೇಲೆ. ಸಿಳ್ಳೆಯ ಒಂದು ಧ್ವನಿ. ಬಾಗಿಲ ಹಿಂದೆ ಅಡಗುವ ಮಾತು ಮಾತ್ರ ಇರಲಿಲ್ಲ. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಹುಡುಕಿದೆ. ಎಲ್ಲೂ ಇರಲಿಲ್ಲ. ಕುರುಡು ಊಹೆಯಲ್ಲಿ ಹೇಳಿದ್ದು ಸರಿಹೋಗಿರಬೇಕು ಎಂದು ಸಮಾಧಾನ ಮಾಡಿಕೊಂಡೆ. ಆ ಸಮಾಧಾನ ನನಗೆ ಇವತ್ತಿಗೂ ಪೂರ್ತಿ ಬಂದಿಲ್ಲ.

ಅದೇ ಜೋಳಿಗೆಯಲ್ಲಿ, ಅವುಗಳ ನಡುನಡುವೆ, ಅಕ್ಕ ಬರೆದವೂ ಇದ್ದವು. ಕೆಲಸ: ಬೋರ್ಡ್ ಬರೆಯುವುದು. ಚಹಾ: ಸಕ್ಕರೆ ಬೇಡ. ಎಡಭುಜ: ನೋವು. ಅವುಗಳ ಕೆಳಗೆ ಇನ್ನೊಂದು. ಕೋಪ: ಇಲ್ಲ.

ನಾನು ಅದನ್ನು ಓದಿದ್ದನ್ನು ಅಕ್ಕ ನೋಡಿದಳು. ನನ್ನ ಉದ್ದ ನಾಲಿಗೆ ಆಗ ಒಳಗೇ ಉಳಿಯಿತು.

“ಅದನ್ನೂ ತೆಗಿ,” ಎಂದಳು. “ಎಲ್ಲಾ ತೆಗಿ. ಇನ್ನು ಯಾರೂ ಏನೂ ಹೇಳಿಕೊಡೋದು ಬೇಡ. ಅವರಲ್ಲಿ ಏನಿದೆಯೋ ಅದೇ ಬರಲಿ.”

ತೆಗೆಯುವ ಮೊದಲು, ಅವಳ ತಮ್ಮನ ಬಗ್ಗೆ ನಾವು ಕೇಂದ್ರಕ್ಕೆ ಫೋನ್ ಮಾಡಿ ವಿಚಾರಿಸಿದ್ದು ಕಿವಿಗೆ ಬಿದ್ದು, ಟೈಲರ್ ನಮ್ಮ ಆಫೀಸಿಗೇ ಹುಡುಕಿಕೊಂಡು ಬಂದಳು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದಳು. ಕೂತುಕೊಳ್ಳಿ ಎಂದರೂ ಕೂರಲಿಲ್ಲ.

“ಅಳಿಸ್ಬೇಡಿ ತಾಯಿ. ನಾನು ಏನೂ ತೊಂದರೆ ಕೊಡಲ್ಲ. ಪರದೆ ಕೊಡೋಕೆ ಬಂದಾಗ ಓಣಿಯಲ್ಲಿ ನಿಂತು ಕೇಳಿಸ್ಕೊಂಡು ಹೋಗ್ತೀನಿ, ಅಷ್ಟೇ. ಅವನು ಇನ್ನೆಲ್ಲೂ ಇಲ್ಲ.”

“ನನ್ನ ಗಂಡ ನನಗೆ ಬೇಕು,” ಎಂದಳು ಅಕ್ಕ. ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. “ನಿಮ್ಮ ತಮ್ಮನ್ನ ತುಂಬಿಸಿಡೋಕೆ ಅವರೇನು ಪಾತ್ರೆನಾ? ನಾನು ಮದುವೆಯಾದೋರು ಅವರೊಳಗೇ ಎಲ್ಲೋ ಇದ್ದಾರೆ. ನಾನು ಅವರನ್ನ ಹೊರಗೆ ತರಬೇಕು.”

ಆ ಹೆಂಗಸು ಮೆಟ್ಟಿಲಿಳಿದು ಹೋದಳು. ಅವಳು ಬೀದಿ ದಾಟುವವರೆಗೂ ನಾನು ಕಿಟಕಿಯಿಂದ ನೋಡಿದೆ. ಆದರೆ ನ್ಯಾಯ ಅಕ್ಕನ ಕಡೆಗೇ ಇತ್ತು. ಯಾರದೋ ತಮ್ಮನ ಜೊತೆ ಸಂಸಾರ ಮಾಡು ಎಂದು ಯಾರಿಗೆ ಹೇಳಲಾಗುತ್ತದೆ? ಅಕ್ಕ ಒಂದೇ ಸಾಲು ಬರೆದಳು. ಜೋಳಿಗೆ ಖಾಲಿಯಾಯಿತು. ಸಾವಿನ ದಾರಿಯಲ್ಲೂ ಜೋಳಿಗೆ ಕೊಡವುವ ಹೆಜ್ಜೆಯನ್ನು ಸೇರಿಸಿದಳು. ನಡೆದದ್ದನ್ನೆಲ್ಲ ಕೇಂದ್ರಕ್ಕೆ ಮುಚ್ಚುಮರೆಯಿಲ್ಲದೆ ಹೇಳಿದಳು. ಡಾಕ್ಟರು ಪಾಠ ನಿಲ್ಲಿಸಿದರು.

ಖಾಲಿಯಾದದ್ದು ಜೋಳಿಗೆ ಮಾತ್ರವಲ್ಲ. ದಿನಾ ಬೆಳಿಗ್ಗೆ ಹೇಳಿಕೊಡುವವರಿಲ್ಲದೆ ಅವನೂ ನಿಧಾನವಾಗಿ ಬರಿದಾದ. ಊಟ ಆಯ್ತಾ ಎಂದು ಕೇಳುವುದು ನಿಂತಿತು. ಚಪ್ಪಲಿಗಳು ಬಿದ್ದ ಹಾಗೇ ಬಿದ್ದಿರುತ್ತಿದ್ದವು. ಸಿಳ್ಳೆ ಹಾಕಲು ತುಟಿ ಮುಂದೆ ಮಾಡುತ್ತಿದ್ದ, ಬರೀ ಗಾಳಿ ಬರುತ್ತಿತ್ತು, ತುಟಿ ಹಾಗೇ ಬಹಳ ಹೊತ್ತು ಇರುತ್ತಿತ್ತು. ಅಕ್ಕ ಎದುರು ಕುರ್ಚಿಯಲ್ಲಿ ಕೂತು ಕಾಯುತ್ತಿದ್ದಳು. ಏನನ್ನೂ ಹೇಳಿಕೊಡಬಾರದೆಂದು ಬಾಯಿ ಬಿಗಿಹಿಡಿದಿರುತ್ತಿದ್ದಳು. ತನ್ನ ಹೆಸರನ್ನು ಕೂಡ ಹೇಳುತ್ತಿರಲಿಲ್ಲ. ಅವನ ಕಣ್ಣಿನ ಹಿಂದೆ ಯಾರಾದರೂ ಅಲುಗಾಡಿದರೋ ಎಂದು ನೋಡುತ್ತಿದ್ದಳು. ನಾನು ಆಗಾಗ ಜೊತೆಗೆ ಹೋಗುತ್ತಿದ್ದೆ. ಅಲ್ಲಿ ಕೂತರೆ, ಬಾಗಿಲು ತೆರೆದಿಟ್ಟು ಎಲ್ಲರೂ ಊರು ಬಿಟ್ಟುಹೋದ ಮನೆಯೊಳಗೆ ಕೂತ ಹಾಗೆ ಆಗುತ್ತಿತ್ತು. ಯಾರು ಬರುತ್ತಾರೋ ಗೊತ್ತಿಲ್ಲ.

ಹಾಗೇ ಒಂದು ಮಧ್ಯಾಹ್ನ ಡಾಕ್ಟರು, ಟೀಚರು, ನಾನು, ನಾವೆಲ್ಲ ಆ ಕೋಣೆಯಲ್ಲಿದ್ದೆವು. ಅಕ್ಕ ಲೋಟಕ್ಕೆ ನೀರು ಬಗ್ಗಿಸುತ್ತಿದ್ದವಳು ಸ್ವಲ್ಪ ಚೆಲ್ಲಿದಳು. ಅವನ ಮಂಡಿಯ ಮೇಲೆ ನಾಲ್ಕು ಹನಿ ಬಿತ್ತು. ಅವನು ತಲೆಯೆತ್ತಿದ. ಕಣ್ಣು ಕಿರಿದಾಯಿತು. ಅಷ್ಟು ದಿನ ಇಲ್ಲದ ಒಬ್ಬ ಮನುಷ್ಯ ಆ ಮುಖದೊಳಗಿಂದ ಎದ್ದು ಬರುವುದನ್ನು ನಾನು ಕಣ್ಣಾರೆ ಕಂಡೆ.

“ದಂಡಪಿಂಡ! ಕೈಗೇನು ಬಂದಿದೆ ನಿಂಗೆ?”

ಡಾಕ್ಟರು ಮುಂದೆ ಬಾಗಿ ಅಕ್ಕನನ್ನು ಕೇಳಿದರು. “ಇದನ್ನ ಯಾರೂ ಹೇಳಿಕೊಟ್ಟಿಲ್ಲ ತಾನೇ? ಮೊದಲು ಹೀಗೇ ಮಾತಾಡ್ತಿದ್ರಾ?”

“ಹೌದು,” ಎಂದಳು ಅಕ್ಕ. “ದಿನಾ.”

“ಅದ್ಭುತ! ಇದು ಅವರದೇ ನೆನಪು. ಒಂದು ಬಂತು ಅಂದ್ರೆ ಉಳಿದದ್ದೂ ಹಿಂದೆಯೇ ಬರತ್ತೆ ನೋಡ್ತಿರಿ.” ಟೀಚರು ಖುಷಿ ತಡೆಯಲಾರದೆ ಚಪ್ಪಾಳೆ ತಟ್ಟಿದರು. ಬಾಗಿಲಲ್ಲಿ ಇಣುಕಿದ ನರ್ಸುಗಳೂ ತಟ್ಟಿದರು. ಚಪ್ಪಾಳೆ ಕೇಳಿ ಅವನಿಗೆ ಹುರುಪು ಬಂತು. ಶಾಲೆಯಲ್ಲಿ ಭೇಷ್ ಅನ್ನಿಸಿಕೊಂಡ ಹುಡುಗನ ಹಾಗೆ ಸುತ್ತ ನೋಡಿ ಅದೇ ಮಾತನ್ನು ಇನ್ನೊಮ್ಮೆ, ಇನ್ನೂ ಜೋರಾಗಿ ಹೇಳಿದ. ಅಕ್ಕ ಒದ್ದೆ ಕೈಯಲ್ಲಿ ಲೋಟ ಹಿಡಿದು ನಿಂತೇ ಇದ್ದಳು. ನಾನು ಹೋಗಿ ಲೋಟ ಇಸಿದುಕೊಂಡೆ. ಅವಳ ಬೆರಳುಗಳು ಬಿಡಲಿಲ್ಲ, ಬಿಡಿಸಿಕೊಳ್ಳಬೇಕಾಯಿತು.

ಹೊರಗೆ ಓಣಿಯಲ್ಲಿ ನಡೆಯುವಾಗ, “ಅಂತೂ ಬಂದ್ರಲ್ಲ ಅಕ್ಕಾ,” ಎಂದೆ. ಅಂದದ್ದೇ ನನ್ನ ನಾಲಿಗೆಗೆ ಬೆಂಕಿ ಹಾಕಬೇಕೆನಿಸಿತು.

“ಬಂದ್ರು,” ಎಂದಳು. ಮೆಟ್ಟಿಲ ಹತ್ತಿರ ಬಂದು ನಿಂತಳು. ಕೆಳಗಿಳಿಯಲಿಲ್ಲ.

“ಆ ಟೈಲರ್ ಮನೆ ಎಲ್ಲಿ ಅಂತ ಗೊತ್ತಾ ನಿಂಗೆ?”

“ಇಲ್ಲಿನ ಆಫೀಸಲ್ಲಿ ಕೇಳಿದ್ರೆ ಹೇಳ್ತಾರೆ. ಯಾಕಕ್ಕಾ? ಕ್ಷಮೆ ಕೇಳೋಕಾ?”

ಅವಳು ಕೋಣೆಯ ಕಡೆ ತಿರುಗಿ ನೋಡಿದಳು. ಅಲ್ಲಿ ಇನ್ನೂ ಚಪ್ಪಾಳೆ ಕೇಳುತ್ತಿತ್ತು.

“ಅವರ ತಮ್ಮನ ಬಗ್ಗೆ,” ಎಂದಳು, “ಇನ್ನೂ ಏನೇನು ನೆನಪಿದೆ ಅಂತ ಕೇಳಬೇಕು.”